ಹಂದರ ಕರಗಿದ ಮೇಲೆ ಉಳಿಯುವುದೇನು?

ಪ್ರಶ್ನೆ: ನನಗೆ 38 ವರ್ಷ. ಆಟವಾಡುವಾಗ ಬಿದ್ದು ಮಂಡಿಯ ಮೃದ್ವಸ್ಥಿ ಒಂದು ಕಡೆ ಕಿತ್ತುಹೋಗಿದೆ. ದೇಹದೊಳಗೇ ಕರಗುವ ಹಂದರದಲ್ಲಿ ಜೀವಕೋಶಗಳನ್ನು ಬೆಳೆಸಿ ಹೊಸ ಮೃದ್ವಸ್ಥಿಯನ್ನು ಕೂರಿಸಬಹುದೆಂದು ಓದಿದೆ. ಮುರಿದ ಮೂಳೆ ತಾನಾಗಿ ಕೂಡಿಕೊಳ್ಳುವಾಗ ಇದೇಕೆ ಕೂಡುವುದಿಲ್ಲ? ಹಂದರ ಕರಗಿದರೆ ಅಲ್ಲಿ ಮತ್ತೆ ಗುಳಿ ಬೀಳುವುದಿಲ್ಲವೇ?

ಉತ್ತರ: ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗುವುದಿಲ್ಲವೆಂದು ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಮೂಳೆ ಮುರಿದಾಗ ರಕ್ತ ಹೆಪ್ಪುಗಟ್ಟಿ, ಅದರ ಜೊತೆಗೇ ದುರಸ್ತಿಯ ಕೋಶಗಳು ಬಂದು ಸೇರುತ್ತವೆ. ಕೀಲಿನ ಮೃದ್ವಸ್ಥಿಯಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಕೆಲವೇ ಮಿಲಿಮೀಟರ್ ದಪ್ಪದ ಆ ಪದರದಲ್ಲಿ ಹೆಚ್ಚಿನ ಪಾಲು ನೀರು. ಅಲ್ಲಲ್ಲಿ ಒಂಟಿಯಾಗಿ ಹುದುಗಿರುವ ಕೋಶಗಳು ಕೀಲಿನ ದ್ರವದಿಂದ ಇಂಗಿ ಬರುವ ಪೋಷಕಾಂಶವನ್ನೇ ನಂಬಿ ಬದುಕುತ್ತವೆ. ಗಾಯವಾದ ಜಾಗಕ್ಕೆ ಅವು ಸರಿದು ಬರಲಾರವು.

ಹಾಗಾದರೆ ಕೋಶಗಳನ್ನು ಹೊರಗೆ ಬೆಳೆಸಿ ಗಾಯಕ್ಕೆ ತುಂಬಿದರೆ ಸಾಲದೇ ಎಂದು ನೀವು ಕೇಳಬಹುದು. ಸ್ವೀಡನ್ನಿನ ವೈದ್ಯರು ಹಾಗೆಯೇ ಮಾಡಿ, 1994ರಲ್ಲಿ 23 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಆದರೆ ಈ ಕೋಶಗಳಿಗೆ ಒಂದು ವಿಚಿತ್ರ ಸ್ವಭಾವವಿದೆ. ಚಪ್ಪಟೆ ತಟ್ಟೆಯಲ್ಲಿ ಬೆಳೆಸಿದರೆ ದುಂಡಗಿನ ಕೋಶ ಹರಡಿಕೊಂಡು, ಕ್ರಮೇಣ ತನ್ನ ಕಸುಬನ್ನೇ ಮರೆಯುತ್ತದೆ. ಮೃದ್ವಸ್ಥಿಗೆ ಬೇಕಾದ ಎರಡನೆಯ ಬಗೆಯ ಕೊಲಾಜನ್ (ಅಂಗಾಂಶಕ್ಕೆ ಬಲ ಕೊಡುವ ಎಳೆಯಂಥ ಪ್ರೋಟೀನ್) ಬದಲು ಚರ್ಮದಲ್ಲೂ ಮೂಳೆಯಲ್ಲೂ ಇರುವ ಮೊದಲನೆಯ ಬಗೆಯದನ್ನು ನೇಯತೊಡಗುತ್ತದೆ. ಅದೇ ಕೋಶವನ್ನು ಜೆಲ್ಲಿನೊಳಗೆ ನಾಲ್ಕೂ ಕಡೆಯಿಂದ ಆವರಿಸುವಂತೆ ಇಟ್ಟರೆ ಮತ್ತೆ ದುಂಡಗಾಗಿ ಹಳೆಯ ಕೆಲಸಕ್ಕೆ ಮರಳುತ್ತದೆ. ಹಂದರ ಬೇಕಾಗುವುದು ಕೋಶಗಳನ್ನು ಹಿಡಿದಿಡಲಷ್ಟೇ ಅಲ್ಲ, ಅವು ಮೃದ್ವಸ್ಥಿಯ ಕೋಶಗಳಾಗಿಯೇ ಉಳಿಯಲಿ ಎಂಬುದಕ್ಕೂ ಹೌದು.

ಇನ್ನು ಕರಗುವ ವಿಚಾರ; ನಿಮ್ಮ ಅನುಮಾನ ಸರಿಯಾದ ಕಡೆಗೇ ಬೆರಳು ತೋರಿಸಿದೆ. ಹಂದರಕ್ಕೆ ಬಳಸುವ ಪಾಲಿಗ್ಲೈಕಾಲಿಕ್ ಆಮ್ಲ ನಿಮಗೆ ಅಪರಿಚಿತವೇನಲ್ಲ, ಕರಗುವ ಹೊಲಿಗೆಯ ದಾರವನ್ನು ಅದರಿಂದಲೂ ಮಾಡುತ್ತಾರೆ. ನೀರು ಅದರ ಅಣುಗಳ ಉದ್ದನೆಯ ಸರಪಣಿಯನ್ನು ತುಂಡರಿಸುತ್ತಾ ಹೋಗುತ್ತದೆ, ಕೆಲವೇ ವಾರಗಳಲ್ಲಿ ಬಲ ಕುಂದುತ್ತದೆ. ಪಾಲಿಲ್ಯಾಕ್ಟಿಕ್ ಆಮ್ಲ ನಿಧಾನಿ, ಅದರ ಕೆಲವು ಬಗೆಗಳು ಪೂರ್ತಿ ಕರಗಲು ವರ್ಷಗಳೇ ಹಿಡಿಯುತ್ತವೆ. ಎರಡನ್ನೂ ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಕರಗುವ ಅವಧಿಯನ್ನು ಹೊಂದಿಸಬಹುದು. ಕೋಶಗಳು ತಮ್ಮ ಸುತ್ತ ಕೊಲಾಜನ್ ಮತ್ತು ನೀರು ಹಿಡಿದಿಡುವ ಪ್ರೋಟಿಯೋಗ್ಲೈಕಾನ್‌ಗಳನ್ನು ಕಟ್ಟಿಕೊಳ್ಳುವ ವೇಗಕ್ಕೂ ಹಂದರ ಸವೆಯುವ ವೇಗಕ್ಕೂ ತಾಳೆಯಾದರೆ ಗುಳಿ ಬೀಳುವುದಿಲ್ಲ, ಭಾರವನ್ನು ಹೊಸ ಅಂಗಾಂಶವೇ ಹೊರುತ್ತದೆ. ಹಂದರ ಮೊದಲೇ ಕರಗಿದರೆ ಎಳೆಯ ಅಂಗಾಂಶ ಕುಸಿಯುತ್ತದೆ. ತಡವಾದರೆ ಬೆಳವಣಿಗೆಗೆ ಜಾಗವಿರುವುದಿಲ್ಲ. ಕರಗುವಾಗ ಹುಟ್ಟುವ ಆಮ್ಲ ಒಳಗೇ ಶೇಖರವಾದರೆ ಕೋಶಗಳಿಗೆ ತೊಂದರೆ, ಉರಿಯೂತವೂ ಆಗಬಹುದು.

1997ರಲ್ಲಿ ಇಲಿಯ ಬೆನ್ನ ಮೇಲೆ ಮನುಷ್ಯರ ಕಿವಿ ಬೆಳೆದಂತೆ ಕಾಣುವ ಚಿತ್ರ ಪ್ರಸಿದ್ಧವಾಯಿತು. ಇಂಥದ್ದೇ ಹಂದರಕ್ಕೆ ಕರುವಿನ ಮೃದ್ವಸ್ಥಿ ಕೋಶಗಳನ್ನು ತುಂಬಿ ಬೆಳೆಸಿದ ಆಕಾರವದು. ಆದರೆ ಕಿವಿ ಭಾರ ಹೊರಬೇಕಾಗಿಲ್ಲ. ಮಂಡಿಯ ಮೃದ್ವಸ್ಥಿ ಪ್ರತಿ ಹೆಜ್ಜೆಗೂ ಒತ್ತಡ ತಾಳಬೇಕು, ಅದರ ಮೇಲ್ಪದರದ ಎಳೆಗಳು ಮೇಲ್ಮೈಗೆ ಸಮಾನಾಂತರವಾಗಿಯೂ ಆಳದ ಎಳೆಗಳು ಲಂಬವಾಗಿಯೂ ಇರಬೇಕು. ಹೊಸದು ಸುತ್ತಲಿನ ಹಳೆಯದಕ್ಕೆ ಬೆಸೆಯಲೂ ಬೇಕು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇನ್ನೂ ಬಗೆಹರಿಯದ ದೊಡ್ಡ ತೊಡಕು ಈ ಬೆಸುಗೆಯೇ.

ಚಿಕಿತ್ಸೆಯಾಗಿ ದೊರೆಯುವುದೂ ಇದೆ: ರೋಗಿಯ ಕೋಶಗಳನ್ನು ಹಂದಿಯ ಕೊಲಾಜನ್‌ನಿಂದ ಮಾಡಿದ, ದೇಹ ಹೀರಿಕೊಳ್ಳುವ ಪೊರೆಯ ಮೇಲೆ ಬೆಳೆಸಿ ಕೂರಿಸುವ ವಿಧಾನಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಹೊಂದುವುದು ಅಂಚು ಸ್ಪಷ್ಟವಾಗಿರುವ ಗಾಯಕ್ಕೆ, ಸಂಧಿವಾತದಿಂದ ಇಡೀ ಕೀಲು ಸವೆದವರಿಗಲ್ಲ. ನಿಮ್ಮ ಗಾಯದ ಅಗಲ, ಕೆಳಗಿನ ಮೂಳೆಯ ಸ್ಥಿತಿ, ಕಾಲಿನ ನೇರ ಮತ್ತು ಅಸ್ಥಿರಜ್ಜುಗಳ ಬಿಗಿ ಇವುಗಳನ್ನು ಮೂಳೆ ತಜ್ಞರು ನೋಡಿಯೇ ಹೇಳಬೇಕು. ಕಾಲಿನ ನೇರ ತಪ್ಪಿದ್ದರೆ ಅದನ್ನು ಸರಿಪಡಿಸದೆ ಮೃದ್ವಸ್ಥಿಯನ್ನಷ್ಟೇ ಕೂರಿಸಿದರೆ, ಹಳೆಯದನ್ನು ಸವೆಸಿದ ಭಾರವೇ ಹೊಸದರ ಮೇಲೂ ಬೀಳುತ್ತದೆ.