ಮದುವೆಯಾಗದೆ ಒಟ್ಟಿಗಿದ್ದವರು ದೂರವಾದರೆ ಫ್ಲ್ಯಾಟ್ ಯಾರದು?

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನ ಫ್ಲ್ಯಾಟ್ ಸಂಗಾತಿಯ ಹೆಸರಲ್ಲಿದೆ, ಅರ್ಧ ಇಎಂಐ ನಾನು ಕಟ್ಟಿದ್ದೇನೆ, ನನಗೆ ಪಾಲು ಸಿಗುತ್ತದಾ?

ಬೇಜಾರಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಎಷ್ಟೇ ವರ್ಷ ಜೊತೆಗಿದ್ದರೂ, ಜೊತೆಗಿದ್ದ ಕಾರಣಕ್ಕೆ ಆಸ್ತಿಯಲ್ಲಿ ಹಕ್ಕು ಬರುವುದಿಲ್ಲ. ಕೋರ್ಟು ಮೊದಲು ನೋಡುವುದು ನೋಂದಣಿಯಾದ ಕ್ರಯಪತ್ರವನ್ನು.

ಪತ್ರದಲ್ಲಿ ಇಬ್ಬರ ಹೆಸರೂ ಇದ್ದಿದ್ದರೆ ದಾರಿ ಸುಲಭವಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಲೆಕ್ಕಕ್ಕೆ ಸಾಕ್ಷಿ ಸಿಗದಿದ್ದರೆ ಸಮಪಾಲು.

ಒಬ್ಬರದೇ ಹೆಸರಿದ್ದಾಗಲೇ ಕಷ್ಟ ಜಾಸ್ತಿ. 'ದುಡ್ಡು ನನ್ನದು, ಹೆಸರು ಮಾತ್ರ ಅವರದು' ಎಂದು ಕೇಸು ಹಾಕಿದರೆ ಬೇನಾಮಿ ಕಾಯ್ದೆ, ಅಂದರೆ ಒಬ್ಬರ ದುಡ್ಡಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದನ್ನು ತಡೆಯುವ ಕಾನೂನು, ಅಡ್ಡ ಬರಬಹುದು. ಗಂಡ ಹೆಂಡತಿಗೆ ಅದರಲ್ಲಿ ವಿನಾಯಿತಿ ಇದೆ, ಮದುವೆಯಾಗದ ಜೋಡಿಗೆ ಇಲ್ಲ. ನನಗಿದು ಅನ್ಯಾಯ ಅನ್ನಿಸುತ್ತದೆ. ಹಾಗಾಗಿ ವಕೀಲರ ಹತ್ತಿರ ಹೋಗುವಾಗ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್ಆ್ಯಪ್ ಮಾತುಕತೆ ಎಲ್ಲಾ ತೆಗೆದುಕೊಂಡು ಹೋಗಿ. ಕೊಟ್ಟ ಹಣ ಸಾಲ ಎಂದು ತೋರಿಸಲು ಆದರೆ, ಪಾಲಿನ ಬದಲು ಹಣವನ್ನಾದರೂ ಕೇಳಬಹುದು. ತಡ ಮಾಡಬೇಡಿ, ಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು.

ನೀವು ಮಹಿಳೆಯಾಗಿದ್ದು, ಸಂಬಂಧ ಮದುವೆಯಂತೆಯೇ ಇದ್ದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಆ ಮನೆಯಲ್ಲಿ ವಾಸಿಸುವ ಹಕ್ಕು ಕೇಳಬಹುದು. ಅದು ಇರುವ ಹಕ್ಕು ಮಾತ್ರ, ಮಾಲೀಕತ್ವವಲ್ಲ.

ಇನ್ನೊಂದು, ಫ್ಲ್ಯಾಟಿನ ಬ್ಯಾಂಕ್ ಸಾಲಕ್ಕೆ ನೀವೂ ಸಹಿ ಹಾಕಿದ್ದೀರಾ ನೋಡಿಕೊಳ್ಳಿ. ಹಾಕಿದ್ದರೆ, ಮನೆ ಬಿಟ್ಟು ಬಂದರೂ ಬ್ಯಾಂಕು ಪೂರ್ತಿ ಬಾಕಿಯನ್ನು ನಿಮ್ಮಿಂದಲೂ ಕೇಳಬಹುದು.