ಅಂಗಾಲು ಉರಿಯುತ್ತಿದೆಯೇ? ಕ್ಲೀಟ್ ಸ್ವಲ್ಪ ಹಿಂದೆ ಸರಿಸಿ ನೋಡಿ

ಪ್ರಶ್ನೆ: ಮೂರು ತಿಂಗಳ ಹಿಂದೆ ಕ್ಲೀಟ್ (ಶೂ ಅಡಿಗೆ ಬೋಲ್ಟಿನಿಂದ ಕೂರಿಸಿ ಪೆಡಲಿಗೆ ಸಿಕ್ಕಿಸುವ ತುಂಡು) ಇರುವ ಸೈಕ್ಲಿಂಗ್ ಶೂ ಕೊಂಡೆ. ಮೂರು ಬೋಲ್ಟಿನ, ಶಿಮಾನೊ ಕಂಪನಿಯ ಹಳದಿ ಕ್ಲೀಟ್. 25 ಕಿ.ಮೀ. ದಾಟುತ್ತಿದ್ದ ಹಾಗೆ ಬಲಗಾಲಿನ ಬೆರಳುಗಳ ಬುಡದಲ್ಲಿ ಕೆಂಡ ಇಟ್ಟಂತೆ ಉರಿ. ಆಮೇಲೆ ಎರಡು ಬೆರಳು ಜೋಮು ಹಿಡಿಯುತ್ತವೆ. ಶೂ ಬಿಚ್ಚಿ ಐದು ನಿಮಿಷ ಕೂತರೆ ಸರಿಹೋಗುತ್ತದೆ. ಕ್ಲೀಟ್ ಜಾಗ ಬದಲಿಸಿದರೆ ಇದು ಹೋಗುತ್ತಾ? ಎಷ್ಟು ಸರಿಸಬೇಕು?

ಉತ್ತರ: ಬಹಳಷ್ಟು ಜನರಿಗೆ ಹೋಗುತ್ತದೆ. ಆದರೆ ಬೋಲ್ಟ್ ಬಿಚ್ಚುವ ಅಲೆನ್ ಕೀ ಕೈಗೆತ್ತಿಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮುಂದಿನ ಸಲ ಉರಿ ಶುರುವಾದಾಗ ಸೈಕಲ್ ನಿಲ್ಲಿಸಿ, ಬೆರಳುಗಳ ಹತ್ತಿರದ ಪಟ್ಟಿಯನ್ನು ಪೂರ್ತಿ ಸಡಿಲ ಮಾಡಿ ಮತ್ತೆ ಹೊರಡಿ. ಹತ್ತು ನಿಮಿಷದಲ್ಲಿ ಉರಿ ಇಳಿದರೆ ತಪ್ಪು ಕ್ಲೀಟಿನದಲ್ಲ, ಶೂ ಬಿಗಿಯಾಗಿದೆ. ಮನೆಗೆ ಬಂದು ಶೂ ಒಳಗಿನ ಇನ್ಸೋಲ್ ಹೊರಗೆ ತೆಗೆದು ನೆಲಕ್ಕಿಟ್ಟು, ಬರಿಗಾಲಲ್ಲಿ ಅದರ ಮೇಲೆ ನಿಂತು ನೋಡಿ. ಪಾದ ಎರಡೂ ಬದಿಗೆ ಹೊರಚಾಚಿದರೆ ಆ ಶೂ ನಿಮಗೆ ಕಿರಿದು. ಒಂದೇ ಕಾಲು ನೋಯುವುದಕ್ಕೂ ಎಷ್ಟೋ ಸಲ ಇದೇ ಕಾರಣ. ನನ್ನ ಎಡಪಾದ ಬಲಪಾದಕ್ಕಿಂತ ಅರ್ಧ ಸೈಜ್ ದೊಡ್ಡದು. ಇದು ಗೊತ್ತಾಗುವವರೆಗೆ ವರ್ಷಗಟ್ಟಲೆ ಸುಮ್ನೆ ನೋವು ತಿಂದೆ. ಶೂ ಕೊಳ್ಳುವಾಗ ದೊಡ್ಡ ಪಾದದ ಅಳತೆಯನ್ನೇ ನೋಡಬೇಕು.

ಇನ್ಸೋಲ್ ತೆಗೆದಾಗ ಒಳಗೆ ಕೈ ಹಾಕಿ ಸವರಿ. ಬೋಲ್ಟಿನ ತುದಿ ಮೇಲೆ ಚುಚ್ಚುತ್ತಿದೆಯೇ ನೋಡಿ. ಅಲ್ಲಿ ಕಾಳಿನಷ್ಟು ಉಬ್ಬು ಇದ್ದರೂ ಸಾಕು, ಗಂಟೆಗಟ್ಟಲೆ ತುಳಿದಾಗ ಅದು ಕಲ್ಲಿನಂತೆ ಒತ್ತುತ್ತದೆ.

ಇವೆರಡೂ ಸರಿ ಇದ್ದರೆ ಕ್ಲೀಟಿಗೆ ಬರೋಣ. ಪಾದದ ಐದು ಉದ್ದ ಮೂಳೆಗಳು ಬೆರಳುಗಳ ಬುಡದಲ್ಲಿ ಬಂದು ನಿಲ್ಲುತ್ತವೆ. ಅವುಗಳ ನಡುವೆ ತೆಳ್ಳಗಿನ ನರಗಳು ಹಾದುಹೋಗುತ್ತವೆ. ನಡೆಯುವಾಗ ಭಾರ ಹಿಮ್ಮಡಿಯಿಂದ ಬೆರಳಿನವರೆಗೆ ಹರಿದಾಡುತ್ತದೆ. ಪೆಡಲ್ ಮೇಲೆ ಹಾಗಲ್ಲ. ನಿಮಿಷಕ್ಕೆ 80 ಸುತ್ತು ತುಳಿದರೆ ಒಂದು ಗಂಟೆಗೆ 4,800 ಸಲ ಅದೇ ಜಾಗ ಒತ್ತುತ್ತದೆ. ಕ್ಲೀಟ್ ತೀರಾ ಮುಂದಿದ್ದರೆ ಆ ಒತ್ತಡವೆಲ್ಲ ಬೆರಳ ಬುಡದ ಮೂಳೆಗಳ ಮೇಲೇ ಬಿದ್ದು ನಡುವಿನ ನರ ಹಿಂಡಿದಂತಾಗುತ್ತದೆ. ನಿಮ್ಮ ಉರಿ, ಜೋಮು ಎರಡಕ್ಕೂ ಇದೇ ಮೂಲ ಇರಬಹುದು. ಭಾರದ ಗಿಯರಿನಲ್ಲಿ ನಿಧಾನವಾಗಿ ತುಳಿಯುವವರಿಗೆ ಇದು ಇನ್ನೂ ಜಾಸ್ತಿ.

ಈಗ ಶೂ ಹಾಕಿಕೊಳ್ಳಿ. ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸುತ್ತಾ, ಶೂವಿನ ಒಳಬದಿಯನ್ನು ಕೈಬೆರಳಿಂದ ಒತ್ತಿ ನೋಡಿ. ಬೆರಳು ಮಡಿಯುವ ಕಡೆ ಒಂದು ಗಂಟು ಸಿಗುತ್ತದೆ. ಅದರ ನೇರಕ್ಕೆ ಶೂ ಮೇಲೆ ಚಿಕ್ಕ ಟೇಪ್ ಅಂಟಿಸಿ. ಕಿರುಬೆರಳಿನ ಬುಡದ ಗಂಟಿಗೂ ಹೊರಬದಿಯಲ್ಲಿ ಹೀಗೇ ಮಾಡಿ. ಎರಡನೆಯ ಗುರುತು ಮೊದಲನೆಯದಕ್ಕಿಂತ ಹಿಂದೆ, ಹಿಮ್ಮಡಿಯ ಕಡೆಗೆ ಬರುತ್ತದೆ. ಪೆಡಲ್ ಅಚ್ಚಿನ ನಡುಗೆರೆ ಈ ಎರಡು ಗುರುತುಗಳ ಮಧ್ಯೆ ಇರುವುದು ಎಲ್ಲರಿಗೂ ಒಳ್ಳೆಯ ಆರಂಭ. ಉರಿ ಇರುವವರಿಗೆ ನಾನು ಕಿರುಬೆರಳ ಗುರುತಿನ ಹತ್ತಿರಕ್ಕೆ ತರುತ್ತೇನೆ. ಬೇಕಾದರೆ ಅದಕ್ಕಿಂತ ಇನ್ನೂ ಸ್ವಲ್ಪ ಹಿಂದಕ್ಕೂ.

ಇಲ್ಲೊಂದು ಗೊಂದಲ ಆಗುತ್ತದೆ. ಕ್ಲೀಟನ್ನು ಹಿಮ್ಮಡಿಯ ಕಡೆಗೆ ಸರಿಸಬೇಕು. ಆಗ ಪೆಡಲ್ ಮೇಲೆ ಪಾದ ಮುಂದೆ ಹೋಗುತ್ತದೆ. ತಿರುಗಾ ಮುರುಗಾ ಮಾಡಿಕೊಂಡು, ಉರಿ ಇನ್ನೂ ಹೆಚ್ಚಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಸರಿಸುವ ಮೊದಲು ಕ್ಲೀಟಿನ ಸುತ್ತ ಮಾರ್ಕರ್ ಪೆನ್ನಿಂದ ಗೆರೆ ಎಳೆಯಿರಿ. ಇದನ್ನು ದಯವಿಟ್ಟು ಬಿಡಬೇಡಿ. ಬೋಲ್ಟ್ ಸಡಿಲವಾದ ಕೂಡಲೇ ಕ್ಲೀಟ್ ಸೊಟ್ಟಗಾಗುತ್ತದೆ. ಅದು ಮೊದಲು ಎಷ್ಟು ಓರೆ ಇತ್ತು ಅಂತ ನೆನಪಿಂದ ಹೇಳಲು ಆಗುವುದಿಲ್ಲ. ಆ ಕೋನ ಕೆಟ್ಟರೆ ಪಾದದ ನೋವು ಹೋಗಿ ಮಂಡಿನೋವು ಬರುತ್ತದೆ. ನಿಮ್ಮ ಹಳದಿ ಕ್ಲೀಟಿನಲ್ಲಿ ಹಿಮ್ಮಡಿ ಒಟ್ಟು 6 ಡಿಗ್ರಿ ಆಡುತ್ತದೆ, ಹಾಗಾಗಿ ಚೂರುಪಾರು ವ್ಯತ್ಯಾಸ ನಡೆಯುತ್ತದೆ. ಕೆಂಪು ಕ್ಲೀಟ್ ಆಗಿದ್ದರೆ ಹಿಮ್ಮಡಿ ಆಡುವುದೇ ಇಲ್ಲ.

ಒಂದು ಸಲಕ್ಕೆ 2-3 ಮಿ.ಮೀ. ಮಾತ್ರ ಸರಿಸಿ. ಎರಡೂ ಶೂಗಳಲ್ಲಿ ಸರಿಸಿ, ಒಂದರಲ್ಲೇ ಬೇಡ. ಬೋಲ್ಟಿನ ಮರೆಗೆ (ತಿರುಪಿನ ಗೆರೆಗಳಿಗೆ) ಸ್ವಲ್ಪ ಗ್ರೀಸ್ ಹಚ್ಚಿ, ಮೂರನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಗಿತ ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇದ್ದರೆ 5ರಿಂದ 6 ನ್ಯೂಟನ್ ಮೀಟರಿನಷ್ಟು ಬಿಗಿಯಿರಿ. ಮೊದಲ ದಿನ ಅರ್ಧ ಗಂಟೆ ಓಡಿಸಿ, ಬಂದ ಮೇಲೆ ಬೋಲ್ಟ್ ಮತ್ತೊಮ್ಮೆ ನೋಡಿ. ಮೂರು ನಾಲ್ಕು ಸವಾರಿ ಆಗುವವರೆಗೆ ಬೇರೆ ಏನನ್ನೂ ಮುಟ್ಟಬೇಡಿ. ಸೀಟು, ಇನ್ಸೋಲ್, ಕ್ಲೀಟ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದೇ ಇಲ್ಲ, ಅಲ್ವಾ?

ಹೊರಡುವ ಮೊದಲು ಇನ್ನೊಂದನ್ನು ನೋಡಿಕೊಳ್ಳಿ. ಪಾದ ಮುಂದೆ ಹೋದದ್ದರಿಂದ, ನಿಧಾನವಾಗಿ ಹ್ಯಾಂಡಲ್ ತಿರುಗಿಸುವಾಗ ಶೂ ತುದಿ ಮುಂದಿನ ಚಕ್ರಕ್ಕೆ ತಾಗಬಹುದು. ಖಾಲಿ ಜಾಗದಲ್ಲಿ ಎರಡು ಸುತ್ತು ತಿರುಗಿಸಿ ನೋಡಿ.

ಪ್ರಶ್ನೆ: ಉರಿಗೆ ಅಂತ ಕ್ಲೀಟ್ ಸುಮಾರು 6 ಮಿ.ಮೀ. ಹಿಂದೆ ಸರಿಸಿದೆ. ಪಾದ ಆರಾಮಾಗಿದೆ. ಆದರೆ ಈಗ ಮಂಡಿಯ ಹಿಂಭಾಗ ಎಳೆದಂತಾಗುತ್ತದೆ. ಮತ್ತೆ ಮುಂದೆ ತರಲೇ?

ಉತ್ತರ: ತರಬೇಡಿ, ಸೀಟು ಇಳಿಸಿ. ಕ್ಲೀಟ್ ಹಿಂದೆ ಹೋದಾಗ ಪೆಡಲ್ ಕೆಳಗಿಳಿದ ಘಳಿಗೆಯಲ್ಲಿ ಕಾಲು ಮೊದಲಿಗಿಂತ ಜಾಸ್ತಿ ಚಾಚಬೇಕಾಗುತ್ತದೆ. ನಿಮ್ಮ ಮಟ್ಟಿಗೆ ಸೀಟು ಎತ್ತರವಾದಂತೆಯೇ. 2-3 ಮಿ.ಮೀ. ಇಳಿಸಿ ನೋಡಿ. ಸೀಟಿನ ಕಂಬಕ್ಕೆ ಮೊದಲು ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಮೀನಖಂಡ ಹಗುರವಾದಂತೆ ಅನ್ನಿಸಿದರೆ ಗಾಬರಿ ಬೇಡ. ಹಿಂದೆ ಸರಿದ ಕ್ಲೀಟ್ ಅದರ ಕೆಲಸವನ್ನು ಕಡಿಮೆ ಮಾಡುತ್ತದೆ.

ಪ್ರಶ್ನೆ: ಕ್ಲೀಟ್ ಇನ್ನು ಹಿಂದೆ ಹೋಗುವುದಿಲ್ಲ, ಸೀಳಿನ ಕೊನೆ ಮುಟ್ಟಿದೆ. ಆದರೂ ಮೂರು ಮತ್ತು ನಾಲ್ಕನೇ ಬೆರಳ ನಡುವೆ ನೋವು ಹೋಗಿಲ್ಲ. ಈಗೀಗ ನಡೆಯುವಾಗಲೂ ಬರುತ್ತದೆ.

ಉತ್ತರ: ನಡೆಯುವಾಗಲೂ ಬರುತ್ತದೆ ಅಂದಿರಲ್ಲ, ಅದಕ್ಕೇ ಹೇಳುತ್ತೇನೆ: ಕ್ಲೀಟಿನ ಪ್ರಯೋಗ ಇಲ್ಲಿಗೆ ನಿಲ್ಲಿಸಿ, ಮೂಳೆ ವೈದ್ಯರಿಗೆ ಪಾದ ತೋರಿಸಿ. ಆ ಎರಡು ಬೆರಳ ನಡುವಿನ ನರದ ಸುತ್ತ ಅಂಗಾಂಶ ದಪ್ಪಗಾಗುವುದನ್ನು ಮಾರ್ಟನ್ಸ್ ನ್ಯೂರೋಮಾ ಅನ್ನುತ್ತಾರೆ. ಶೂ ಒಳಗೆ ಗೋಲಿ ಇದ್ದಂತೆ ಅನ್ನಿಸುವುದು ಅದರ ಲಕ್ಷಣ. ಅದೇ ಇದೆ ಅಂತ ನಾನು ಹೇಳಲಾರೆ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಮೂಳೆಯ ಸಣ್ಣ ಬಿರುಕೂ ಹೀಗೇ ನೋಯುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಜೋಮನ್ನು ಕಡೆಗಣಿಸಲೇಬೇಡಿ.

ಅಲ್ಲಿಯವರೆಗೆ ಬೆರಳ ಕಡೆ ಅಗಲವಿರುವ ಶೂ ಹಾಕಿ. ವೈದ್ಯರು ಒಪ್ಪಿದರೆ ಇನ್ಸೋಲ್ ಮೇಲೆ ಅಂಟಿಸುವ ಚಿಕ್ಕ ಮೆಟಟಾರ್ಸಲ್ ಪ್ಯಾಡ್ (ಪಾದದ ಉದ್ದ ಮೂಳೆಗಳಿಗೆ ಆಸರೆ ಕೊಡುವ ಮೆತ್ತೆ) ಸಿಗುತ್ತದೆ. ಅದನ್ನು ನೋಯುವ ಜಾಗದ ಕೆಳಗೇ ಇಡುವುದು ಎಲ್ಲರೂ ಮಾಡುವ ತಪ್ಪು. ಅದು ನೋಯುವ ಜಾಗಕ್ಕಿಂತ ಹಿಂದೆ, ಹಿಮ್ಮಡಿಯ ಕಡೆಗೆ ಕೂರಬೇಕು. ಆಗ ಮೂಳೆಗಳು ತುಸು ಅಗಲಿ ನರಕ್ಕೆ ಜಾಗ ಸಿಗುತ್ತದೆ.