ಬಾರ್ಜ್ ಹತ್ತುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾರಿನಲ್ಲಿ ಮಹಾರಾಷ್ಟ್ರದ ಗಣಪತಿಪುಳೆಗೆ ಹೋಗಿ, ಅಲ್ಲಿಂದ ಗುಹಾಗರದ ಬೀಚಿಗೆ ಹೋಗಬೇಕೆಂದಿದ್ದೇವೆ. ನಡುವೆ ಕಾರನ್ನು ಬಾರ್ಜಿನಲ್ಲಿ (ವಾಹನ ಸಾಗಿಸುವ ಚಪ್ಪಟೆ ದೋಣಿ) ದಾಟಿಸಬಹುದಂತೆ. ದಾರಿ ಹೇಗೆ? ಒಂದೇ ದಿನದಲ್ಲಿ ಮುಟ್ಟಬಹುದೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ದಾಟಿಸಬಹುದು, ಆದರೆ ಒಂದೇ ದಿನದಲ್ಲಿ ಬೇಡ. ದಾವಣಗೆರೆಯಿಂದ ಹುಬ್ಬಳ್ಳಿ, ಬೆಳಗಾವಿ ಮೇಲೆ ಕೊಲ್ಹಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 48. ಅಲ್ಲಿ ಹೆದ್ದಾರಿ ಬಿಟ್ಟು ಮಲಕಾಪುರ, ಅಂಬಾ ಘಾಟಿ, ಸಾಖರಪಾ ಮಾರ್ಗವಾಗಿ ರತ್ನಾಗಿರಿ. ಇಷ್ಟಕ್ಕೇ ಹೆಚ್ಚುಕಡಿಮೆ 480 ಕಿ.ಮೀ. ಆಗುತ್ತದೆ. ಕೊಲ್ಹಾಪುರದವರೆಗೆ ಬಂದ ವೇಗ ಘಾಟಿಯಲ್ಲಿ ಸಿಗುವುದಿಲ್ಲ. ಬೆಳಗಿನ 5ಕ್ಕೆ ಊರು ಬಿಟ್ಟರೂ ರತ್ನಾಗಿರಿ ತಲುಪುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಅಲ್ಲಿಂದ ಆರೆ-ವಾರೆಯ ಕಡಲಂಚಿನ ರಸ್ತೆ ಹಿಡಿದು ಗಣಪತಿಪುಳೆಗೆ ಹೋಗಿ ತಂಗಿ.

ಮರುದಿನ ಗಣಪತಿಪುಳೆಯಿಂದ ಸುಮಾರು 20 ಕಿ.ಮೀ. ದೂರದ ಜೈಗಡಕ್ಕೆ ಹೋಗಿ. ಶಾಸ್ತ್ರಿ ನದಿ ಕಡಲು ಸೇರುವ ಜಾಗ ಅದು. ಆಚೆ ದಡವೇ ತವಸಾಳ. ಬಾರ್ಜ್ ಹತ್ತಿ ಅಲ್ಲಿ ಇಳಿದರೆ ಹೆದವಿ, ವೇಳಣೇಶ್ವರ ದಾಟಿ ಗುಹಾಗರ. ಬಾರ್ಜ್ ಬೇಡವೆಂದರೆ ಒಳನಾಡಿಗೆ ಬಂದು ಸುತ್ತಿಕೊಂಡು ಹೋಗಬೇಕು. ನೀರಿನ ಮೇಲಿರುವುದು ಕಾಲು ಗಂಟೆಯಷ್ಟೇ. ಆದರೆ ಸರದಿ, ಹತ್ತಿಸುವುದು, ಇಳಿಸುವುದು ಎಲ್ಲ ಸೇರಿಸಿ ಒಂದು ಗಂಟೆ ಎತ್ತಿಡಿ. ಕಿಸೆಯಲ್ಲಿ ಚಿಲ್ಲರೆ ನಗದು ಇರಲಿ, ಖಾಡಿಯ (ಕಡಲ ನೀರು ಒಳಬರುವ ಅಳಿವೆ) ದಡದಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬಿ ಕೂರುವಂತಿಲ್ಲ.

ಇನ್ನೂ ಉತ್ತರಕ್ಕೆ ಹೋಗುವ ಮನಸ್ಸಾದರೆ ಇಂಥದೇ ಮೂರು ದಾಟುಗಳಿವೆ. ವಾಶಿಷ್ಠಿ ನದಿಗೆ ಧೋಪಾವೆ–ದಾಭೋಳ, ಸಾವಿತ್ರಿಗೆ ವೇಸವಿ–ಬಾಗಮಾಂಡಲಾ, ರಾಜಪುರಿ ಖಾಡಿಗೆ ದಿಘಿ–ಆಗರದಾಂಡಾ. ಮೊದಲನೆಯದು ದಾಪೋಲಿಗೆ, ಎರಡನೆಯದು ಹರಿಹರೇಶ್ವರಕ್ಕೆ, ಮೂರನೆಯದು ಮುರುಡ್ ಜಂಜಿರಾಕ್ಕೆ.

ಪ್ರಶ್ನೆ: ನಮ್ಮದು ಡಿಕ್ಕಿ ಇರುವ ಉದ್ದನೆಯ ಕಾರು, ನೆಲಕ್ಕೆ ತಗ್ಗು. ಬಾರ್ಜ್ ಹತ್ತಿಸುವಾಗ ಬಂಪರ್ ಬಡಿಯುತ್ತದೆ ಎಂದು ಹೆದರಿಸುತ್ತಿದ್ದಾರೆ. ನಿಜವೇ?
– ಹರಿಹರ

ಉತ್ತರ: ಬಡಿಯಬಹುದು. ಯಾವ ಹೊತ್ತಿಗೆ ಹೋಗುತ್ತೀರಿ ಎಂಬುದರ ಮೇಲಿದೆ.

ದಡದ ಕಾಂಕ್ರೀಟ್ ಇಳಿಜಾರು ನೀರಿನೊಳಗೆ ಇಳಿದಿರುತ್ತದೆ. ಬಾರ್ಜ್ ಬಂದು ತನ್ನ ಕಬ್ಬಿಣದ ಬಾಗಿಲನ್ನು ಅದರ ಮೇಲೆ ಮಲಗಿಸುತ್ತದೆ. ನೀವು ಇಳಿಜಾರಿನಲ್ಲಿ ಕೆಳಗಿಳಿದು, ಬಾಗಿಲ ಮೇಲೆ ಏರಿ, ಅಟ್ಟಣೆಗೆ (ಡೆಕ್) ಹೋಗಬೇಕು. ಇಳಿಜಾರು ಮುಗಿದು ಬಾಗಿಲು ಶುರುವಾಗುವ ಕಡೆ ತಗ್ಗು ಮೂಲೆ. ಮೂತಿ ಉದ್ದದ ಕಾರಿನ ಬಂಪರ್ ಬಡಿಯುವುದು ಇಲ್ಲಿ. ಬಾಗಿಲು ಮುಗಿದು ಅಟ್ಟಣೆ ಶುರುವಾಗುವ ಕಡೆ ಉಬ್ಬು. ಹೊಟ್ಟೆ ಉಜ್ಜುವುದು ಇಲ್ಲಿ. ಹಂಪ್ ದಾಟಿಸುವಂತೆ ಓರೆಯಾಗಿ ಒಂದೊಂದೇ ಚಕ್ರ ಹತ್ತಿಸುವ ಉಪಾಯ ಇಲ್ಲಿ ನಡೆಯದು, ಬಾಗಿಲಿನ ಅಗಲ ಸಾಲುವುದಿಲ್ಲ. ಜನರನ್ನು ಇಳಿಸಿ, ಡಿಕ್ಕಿಯ ಭಾರದ ಸಾಮಾನನ್ನೂ ತೆಗೆಯಿರಿ. ಕುಗ್ಗಿದ್ದ ಸ್ಪ್ರಿಂಗ್ ಮೇಲೆದ್ದು ಕಾರು ಒಂದೆರಡು ಇಂಚು ಎತ್ತರವಾಗುತ್ತದೆ, ಎಷ್ಟೋ ಸಲ ಅಷ್ಟೇ ಸಾಕು.

ಇನ್ನು ಹೊತ್ತಿನ ಮಾತು. ನೀರು ತಗ್ಗಿದಷ್ಟೂ ಆ ಮೂಲೆ ಕಡಿದಾಗುತ್ತದೆ. ಕಡಲ ನೀರು ಭರತದಿಂದ ಇಳಿತಕ್ಕೆ ಬರಲು 6 ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ. ದಿನದಿಂದ ದಿನಕ್ಕೆ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಏರಿಳಿತ ಜೋರು, ಅಷ್ಟಮಿಯ ಸುಮಾರಿಗೆ ಮಂದ. ಕೊಂಕಣ ತೀರದಲ್ಲಿ ಹುಣ್ಣಿಮೆ, ಅಮಾವಾಸ್ಯೆಯಂದು ಭರತ ನಡುಹಗಲಿನ ಆಸುಪಾಸಿಗೆ, ಇಳಿತ ಬೆಳಗ್ಗೆ ಮತ್ತು ಸಂಜೆ 6ರ ಆಸುಪಾಸಿಗೆ ಬೀಳುತ್ತದೆ. ಹಾಗಾಗಿ ಅಂಥ ದಿನ ಸಂಜೆಯ ಕೊನೆಯ ಬಾರ್ಜ್ ಹಿಡಿಯಲು ಓಡುವವರಿಗೇ ಅತಿ ಕಡಿದಾದ ಮೂಲೆ ಸಿಗುತ್ತದೆ. 10ರಿಂದ 1ರೊಳಗೆ ಹೋದವರಿಗೆ ಅದೇ ಜಾಗ ಸರಾಗ. ಅಷ್ಟಮಿಯಂದು ನಡುಹಗಲು ಇಳಿತವಿದ್ದರೂ ನೀರು ಅಷ್ಟೇನೂ ತಗ್ಗುವುದಿಲ್ಲ. ನಮ್ಮ ಕಡೆ ಮದುವೆಗೂ ಗೃಹಪ್ರವೇಶಕ್ಕೂ ನೋಡುವ ಆ ಕ್ಯಾಲೆಂಡರನ್ನೇ ಇದಕ್ಕೂ ಒಮ್ಮೆ ನೋಡಿ.

ಇಳಿತದಲ್ಲಿ ಇನ್ನೊಂದು ತೊಂದರೆ ಪಾಚಿಯದು. ಸದಾ ನೀರಲ್ಲಿ ಮುಳುಗಿರುವ ಇಳಿಜಾರಿನ ಕೆಳಭಾಗ ಆಗ ಹೊರಗೆ ಬಂದಿರುತ್ತದೆ, ಹಸಿರು ಪಾಚಿ, ಮೇಲೆ ಕೆಸರು. ಬಾರ್ಜ್ ಇಳಿದು ದಡ ಏರುವಾಗ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ಬಹುತೇಕ ಸಣ್ಣ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರ, ಅದರ ಮೇಲೆ ಭಾರ ತಗ್ಗಿದರೆ ಗರಗರ ತಿರುಗಿ ನಿಂತಲ್ಲೇ ನಿಲ್ಲುತ್ತದೆ. ಆಗ ಆಕ್ಸಿಲರೇಟರ್ ತುಳಿದಷ್ಟೂ ಜಾರಿಕೆ ಹೆಚ್ಚು. ಮುಂದಿನ ಕಾರು ಪೂರ್ತಿ ಮೇಲೆ ಹೋಗುವವರೆಗೆ ಅಟ್ಟಣೆಯ ಮೇಲೇ ಕಾಯಿರಿ. ಆಮೇಲೆ ಒಂದೇ ಹದದಲ್ಲಿ, ನಡುವೆ ನಿಲ್ಲಿಸದೆ ಏರಿಸಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಒಂದೇ ಕಡೆ ಬಾಗಿಲಿರುವ ಬಾರ್ಜಾದರೆ ರಿವರ್ಸಿನಲ್ಲಿ ಹತ್ತಿಸಲು ಹೇಳುತ್ತಾರೆ. ನಾಲ್ಕು ಕಡೆಯಿಂದ ನಾಲ್ವರು ಕೈ ಆಡಿಸುತ್ತಿರುತ್ತಾರೆ. ಅಟ್ಟಣೆಯ ಮೇಲಿನ ಸಿಬ್ಬಂದಿ ಒಬ್ಬನ ಕೈಯನ್ನಷ್ಟೇ ನೋಡಿ. ಕಾರುಗಳ ನಡುವೆ ಬಾಗಿಲು ತೆರೆಯುವಷ್ಟೂ ಜಾಗ ಉಳಿಯದಿರಬಹುದು. ಹಿರಿಯರು, ಮಕ್ಕಳು ದಡದಲ್ಲೇ ಇಳಿದು ನಡೆದು ಹತ್ತಲಿ. ಕನ್ನಡಿ ಮಡಚಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿಡಿ. ಬಾರ್ಜಿನ ಎಂಜಿನ್ ನಡುಕಕ್ಕೆ ಕೆಲವು ಕಾರುಗಳ ಅಲಾರಂ ಕೂಗತೊಡಗುತ್ತದೆ, ಕೀಲಿ ಕೈಯಲ್ಲಿರಲಿ.

ಪ್ರಶ್ನೆ: ಅಲಿಬಾಗಿಗೆ ಮುಂಬೈಯಿಂದ ಕಾರು ಸಾಗಿಸುವ ದೊಡ್ಡ ಹಡಗಿದೆಯಂತೆ. ಅದರಲ್ಲಿ ಹೋಗುವುದು ಒಳ್ಳೆಯದಲ್ಲವೇ?
– ಚಳ್ಳಕೆರೆ

ಉತ್ತರ: ಮುಂಬೈಯಲ್ಲಿ ಇರುವವರಿಗೆ ಒಳ್ಳೆಯದು. ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ 2020ರಿಂದ ರೋ-ರೋ ಹಡಗಿದೆ, ಸುಮಾರು ಒಂದು ಗಂಟೆಯ ಪಯಣ. ಆದರೆ ಚಳ್ಳಕೆರೆಯಿಂದ ಹೋಗುವ ನಿಮಗೆ ಪುಣೆ ದಾಟಿ ಖೋಪೋಲಿ, ಪೇಣ್ ಮೇಲೆ ನೆಲದಲ್ಲೇ ಅಲಿಬಾಗ್ ಸಿಗುತ್ತದೆ. ಹಡಗಿಗಾಗಿ ಮುಂಬೈ ಟ್ರಾಫಿಕ್ಕಿಗೆ ಇಳಿಯುವುದು ಮೂಗು ಹಿಡಿಯಲು ತಲೆ ಸುತ್ತ ಕೈ ತಂದಂತೆ.

ಪ್ರಶ್ನೆ: ಸಿಗಂದೂರು ಲಾಂಚಿನಲ್ಲಿ ಕಾರು ದಾಟಿಸಿ ಕೊಲ್ಲೂರು, ಮರವಂತೆಗೆ ಹೋಗಬೇಕು. ಲಾಂಚ್ ಸಮಯ ತಿಳಿಸಿ.
– ಹೊಳಲ್ಕೆರೆ

ಉತ್ತರ: ಸಮಯ ನೋಡುವ ಕೆಲಸವೇ ಉಳಿದಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ. ಶಿವಮೊಗ್ಗ, ಸಾಗರ, ಸೇತುವೆ, ತುಮರಿ, ನಾಗೋಡಿ, ಕೊಲ್ಲೂರು. ಅಲ್ಲಿಂದ ಕೆಳಗೆ ಮರವಂತೆ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸದೆ ವಾಪಸ್ ಕಳಿಸುತ್ತಿದ್ದ ಕಾಟವೂ ತಪ್ಪಿತು. ಮಳೆಗಾಲದಲ್ಲಿ ಹೋಗುವುದಾದರೆ ನಾಗೋಡಿ ಘಾಟಿಯನ್ನು ಹಗಲಲ್ಲೇ ಇಳಿಯಿರಿ, ಮಂಜು ದಟ್ಟ.

ಪ್ರಶ್ನೆ: ಬಾರ್ಜಿನಲ್ಲಿ ಹೋಗಿಬಂದ ಮೇಲೆ ಕಾರಿನ ಬ್ರೇಕ್ ಕರಕರ ಎನ್ನುತ್ತಿದೆ. ಕೆಟ್ಟಿತೇ?
– ಚಿತ್ರದುರ್ಗ

ಉತ್ತರ: ಉಪ್ಪುನೀರು ತಾಗಿದ ಡಿಸ್ಕಿನ ಮೇಲೆ ಒಂದೇ ರಾತ್ರಿಯಲ್ಲಿ ತೆಳುವಾಗಿ ತುಕ್ಕು ಕೂರುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಎರಡು ದಿನವಾದರೂ ಸದ್ದು ನಿಲ್ಲದಿದ್ದರೆ ಪ್ಯಾಡಿನ ನಡುವೆ ಮರಳು ಸಿಕ್ಕಿರಬಹುದು, ಚಕ್ರ ಬಿಚ್ಚಿಸಿ ನೋಡಿಸಿ. ಮುಖ್ಯವಾಗಿ ಬೇಕಾದದ್ದು ಅಡಿಭಾಗ ತೊಳೆಸುವುದು. ಬಾಡಿ ಪಳಪಳ ಹೊಳೆಸಿ ಕೆಳಗೆ ನೀರೇ ಹಾಯಿಸದೆ ಕಳಿಸುವ ವಾಷಿಂಗ್ ಬೇಡ. ಕಾರನ್ನು ಲಿಫ್ಟಿಗೆ ಏರಿಸಿ, ಚಕ್ರದ ಗೂಡು, ಸೈಲೆನ್ಸರ್ ಕೊಳವೆ, ಚಾಸಿಯ ಸಂದುಗಳಿಗೆ ಸಿಹಿನೀರು ಹೊಡೆಯಲು ನಿಂತು ಹೇಳಿ. ಊರಿಗೆ ಬಂದ ಎರಡು ದಿನದೊಳಗೆ ಆಗಲಿ.